ಸ್ಕಾಟ್ಲೆಂಡಿನಲ್ಲಿ ಒಂದು ಚಿಟಿಕೆ ಭಂಡಾರ

ಪರದೇಶಕ್ಕೆ ಹೋಗಿ ಬಂದವರು ಅಲ್ಲಿ ಕಂಡದ್ದನ್ನು ಬರೆಯುತ್ತಾರೆ. ನಾನು ಕಂಡದ್ದೆಲ್ಲ ಗಿರಗಿರ ತಿರುಗುತ್ತಿತ್ತು. ಆದ್ದರಿಂದ ಗಡಿಯಾರದ ಗೋಪುರ ರಸ್ತೆಯ ಎಡಕ್ಕಿತ್ತೋ ಬಲಕ್ಕಿತ್ತೋ ಎಂಬ ವಿಷಯದಲ್ಲಿ ನನ್ನನ್ನು ನಂಬಬೇಡಿ. ಉಳಿದದ್ದನ್ನು ನಂಬಬಹುದು.

ನಾನು ಮಂಗಸೂಳಿಯ ದ್ರಾಕ್ಷಿ ತೋಟದವರ ಮಗಳು, ಅಥಣಿಯ ಒಬ್ಬ ಡಾಕ್ಟರರ ಹೆಂಡತಿ. ಅರೆತಲೆನೋವು ತವರಿನಿಂದಲೇ ನನ್ನ ಜೊತೆ ಬಂದಿತ್ತು. ಮದುವೆಯಾಗಿ ಕೆಲವು ವರ್ಷಗಳಾದ ಮೇಲೆ ಅದಕ್ಕೆ ತಲೆ ತಿರುಗುವುದು ಬಂದು ಸೇರಿಕೊಂಡಿತು. ಕೂತಲ್ಲಿ ಕೂತಂತೆಯೇ ನೆಲವನ್ನು ಯಾರೋ ಚಾಪೆಯಂತೆ ಎಳೆದುಬಿಡುತ್ತಿದ್ದರು. ಒಮ್ಮೆ ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಕಂಬವನ್ನು ತಬ್ಬಿಕೊಂಡು ಅರ್ಧ ದಿನ ನಿಂತಿದ್ದೇನೆ. ನಾಲ್ಕು ಬಸ್ಸು ಬಂದು ಹೋದವು, ಕಂಬ ಬಿಡಲು ಧೈರ್ಯ ಬರಲಿಲ್ಲ. ತಂಬಾಕಿನ ಘಾಟಿಗೆ ತಲೆ ಸಿಡಿಯುತ್ತದೆಂದು ನಿಪ್ಪಾಣಿಯ ತಂಗಿಯ ಮನೆಗೆ ಹೋಗುವುದನ್ನೇ ಬಿಟ್ಟೆ.

ಇಷ್ಟಾದರೂ ನನಗೆ ರೋಗವಿದೆ ಎಂದು ಮನೆಯಲ್ಲಿ ಯಾರೂ ಒಪ್ಪಿರಲಿಲ್ಲ. ಜ್ವರ ಬಂದರೆ ಮೈ ಮುಟ್ಟಿ ನೋಡಬಹುದು. ತಲೆ ತಿರುಗುವುದನ್ನು ಯಾರು ಮುಟ್ಟಿ ನೋಡುತ್ತಾರೆ? ನಮ್ಮವರು ಬಿ-ಕಾಂಪ್ಲೆಕ್ಸ್ ಗುಳಿಗೆ ಕೊಟ್ಟು ದವಾಖಾನೆಗೆ ನಡೆದುಬಿಡುತ್ತಿದ್ದರು. ಅತ್ತೆಯವರ ನಿದಾನ ಇನ್ನೂ ಸರಳ. ಬಂದವರ ಮುಂದೆಲ್ಲ ಹೇಳುವರು: "ಹಬ್ಬ ಬಂತಂದ್ರ ಆಕಿ ತಲಿ ತಿರಗತೈತಿ ನೋಡ್ರಿ. ಹೋಳಿಗಿ ಲಟ್ಟಸೂ ಬ್ಯಾನಿ ಅದು."

ತೊಂಬತ್ತರ ದಶಕದ ನಡುವಿನಲ್ಲಿ ನಮ್ಮವರಿಗೆ ಮೂರು ತಿಂಗಳು ಸ್ಕಾಟ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಕಲಿಯುವ ಅವಕಾಶ ಬಂತು. ಏನನ್ನು ಕಲಿಯಲು? ಅರೆತಲೆನೋವಿನಿಂದ ತಲೆ ತಿರುಗುವವರಿಗೆ ಅಲ್ಲಿ ಹೊಸ ಔಷಧಿ ಕೊಟ್ಟು ಪರೀಕ್ಷಿಸುತ್ತಿದ್ದರಂತೆ, ಅದನ್ನು. ಇವರು ಪೇಢೆ ತಂದು ಓಣಿಗೆಲ್ಲ ಹಂಚಿದರು. ನಾನು ಪೇಢೆ ಕೈಯಲ್ಲಿ ಹಿಡಿದು ಕೇಳಿದೆ.

"ಅಲ್ರೀ, ತಲಿ ತಿರಗೂದು ಕಲಿಯಾಕ ಸಮುದ್ರ ದಾಟಿ ಹೊಂಟೀರಿ. ತಿರಗೂ ತಲಿ ಮನ್ಯಾಗ ಬಿಟ್ಟು ಹೋಗ್ತೀರಿ?"

ಹೀಗೆ ನನ್ನ ಪಾಸ್‌ಪೋರ್ಟ್ ಆಯಿತು.

ಮಿರಜ, ಮುಂಬೈ, ಮೋಡ

ಹೊರಡುವ ದಿನ ಅತ್ತೆ ಕೈಗೆ ಮೊಸರು ಹಾಕಿ ಹರಸಿದರು. "ಹೋಗಿ ಬಾ ಸುಶೀಲಾ. ಅಲ್ಲೆ ನಿನಗ ಯಾರೂ ಕೆಲಸ ಹೇಳೂದಿಲ್ಲ, ತಾನ ಆರಾಮ ಅಕ್ಕೈತಿ." ತವರಿನಿಂದ ಅವ್ವ ಮಲ್ಲಯ್ಯನ ಗುಡಿಯ ಭಂಡಾರ ಕಟ್ಟಿ ಕಳಿಸಿದ್ದಳು. ಹೊರಗಿನವರಿಗೆ ಅದು ಅರಿಸಿನ ಪುಡಿ, ನಮಗೆ ದೇವರು. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಪೊಟ್ಟಣ ಕಲ್ಲುಸಕ್ಕರೆಯೊಂದಿಗೆ ಅದನ್ನೂ ಬ್ಯಾಗಿನ ಮೂಲೆಗೆ ತುರುಕಿದೆ.

ಕಾಗವಾಡ ದಾಟಿ ಮಿರಜ ಸ್ಟೇಶನ್ನಿಗೆ ಬಂದು ಮುಂಬೈ ಗಾಡಿ ಹತ್ತುವವರೆಗೂ ಆರಾಮಾಗಿದ್ದೆ. ವಿಮಾನ ಮೇಲೇರಿ ಮೋಡದೊಳಗೆ ಕುಣಿಯಿತು ನೋಡಿ, ನೆಲ ಎಳೆಯುವವರು ಅಲ್ಲಿಗೂ ಬಂದರು. ಸಿಕ್ಕದ್ದನ್ನು ಹಿಡಿದುಕೊಂಡೆ. ಸಿಕ್ಕದ್ದು ಮುಂದಿನ ಸೀಟಿನ ಸಾಹೇಬನ ತಲೆ. ನಾನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದರೂ ಆ ಪುಣ್ಯಾತ್ಮ "ಸಾರಿ" ಅಂದ. ಆತ ಯಾಕೆ ಸಾರಿ ಅಂದನೋ ನನಗೆ ಆಗ ತಿಳಿಯಲಿಲ್ಲ. ಆ ದೇಶದಲ್ಲಿ ಕಾಲು ತುಳಿದವರಿಗಿಂತ ಮೊದಲು ತುಳಿಸಿಕೊಂಡವರೇ ಸಾರಿ ಅನ್ನಬೇಕು ಎಂಬುದು ಆಮೇಲೆ ಗೊತ್ತಾಯಿತು.

ಹೆಸರು ಹೊರಳದ ಊರು

ನಾವು ಇಳಿದ ಊರಿನ ಹೆಸರು ಇಂದಿಗೂ ನನ್ನ ನಾಲಿಗೆಗೆ ಹೊರಳುವುದಿಲ್ಲ. ಬರೆಯುವುದು ಒಂದು, ಓದುವುದು ಇನ್ನೊಂದು. ಮಾರ್ಗರೆಟ್ ಎಂಬ ವಯಸ್ಸಾದ ಹೆಂಗಸಿನ ಮನೆಯಲ್ಲಿ ಒಂದು ಕೋಣೆ ಹಿಡಿದೆವು. ಆಕೆಯ ಬಚ್ಚಲಿನಲ್ಲಿ ಎರಡು ನಳ: ಒಂದರಲ್ಲಿ ಕುದಿಯುವ ನೀರು, ಇನ್ನೊಂದರಲ್ಲಿ ಹಿಮದ ನೀರು. ಎರಡನ್ನೂ ಕೂಡಿಸುವ ವಿಚಾರ ಅವರ ಹಿರಿಯರಿಗೆ ಬಂದಿಲ್ಲ. ಆದರೆ ಬಚ್ಚಲಿಗೆ ಗಾಲೀಚು ಹಾಸಿದ್ದರು. ಮೊದಲು ನಕ್ಕೆ. ಆಮೇಲೆ, ತಲೆ ತಿರುಗಿ ಬಿದ್ದರೆ ಮೆತ್ತಗೆ ಬೀಳಬಹುದಲ್ಲ ಎಂದು ಮೆಚ್ಚಿದೆ.

ಆಸ್ಪತ್ರೆಯ ಮೊದಲ ದಿನ ಪ್ರೊಫೆಸರರು ನಮಗಾಗಿ ಚಹಾ ಇಟ್ಟಿದ್ದರು. ಬೆಳ್ಳಿ ಹುಬ್ಬಿನ, ಬಿದಿರಿನಂಥ ಉದ್ದನೆಯ ಮನುಷ್ಯ. ನಾನು ಕೈ ಮುಗಿದು ತಲೆ ಬಾಗಿಸಿದ್ದೇ ತಡ, ಕೋಣೆ ಗಿರ್ರೆಂದಿತು. ಚಹಾದ ಗಾಡಿಯ ಮೇಲೆಯೇ ಬಿದ್ದೆ. ಬಿಸ್ಕೀಟು, ಬಸಿ, ಹಾಲು ಎಲ್ಲ ನನ್ನ ಇಳಕಲ್ ಸೀರೆಯ ಮೇಲೆ.

ನಮ್ಮಲ್ಲಾದರೆ ಯಾರೋ ನೀರು ಚಿಮುಕಿಸುತ್ತಾರೆ, ಯಾರೋ ಉಳ್ಳಾಗಡ್ಡಿ ಮೂಸಿಸುತ್ತಾರೆ, ಒಬ್ಬರಾದರೂ ಚಪ್ಪಲಿ ಹುಡುಕುತ್ತಾರೆ. ಈ ಪ್ರೊಫೆಸರರು ಮೊಣಕಾಲೂರಿ ಕೂತು ನನ್ನ ಕಣ್ಣೊಳಗೆ ಇಣುಕಿ ಇಣುಕಿ ನೋಡಿದರು. ಮುಖ ಅರಳಿತು. ಕಣ್ಣಿನ ಗುಡ್ಡೆ ಹೇಗೆ ಓಡುತ್ತಿದೆ ನೋಡಿ ಎಂದು ಎಲ್ಲರನ್ನೂ ಕರೆದರು. ನನ್ನ ಗಂಡನೂ ಸಾಲಿನಲ್ಲಿ ನಿಂತು ನೋಡಿದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ತಲೆ ತಿರುಗುವಾಗ ನನ್ನ ಕಣ್ಣನ್ನು ಇವರು ನೋಡಿದ್ದು ಅದೇ ಮೊದಲು, ಅದೂ ಸರದಿಯಲ್ಲಿ.

"ಸುಶೀಲಾ, ಇದು ಖರೇನ ಐತಿ" ಅಂದರು.

"ನಾ ಏನ್ ಸುಳ್ಳ ಹೇಳಿದ್ನ್ಯಾ?" ಎಂದು ನೆಲದಿಂದಲೇ ಕೇಳಿದೆ.

ತಿರುಗುವ ಕುರ್ಚಿ

ಹೀಗೆ ಡಾಕ್ಟರರ ಹೆಂಡತಿಯಾಗಿ ಹೋದವಳು ರೋಗಿಯಾಗಿ ಸೇರಿಕೊಂಡೆ. ಮೊದಲು ಪರೀಕ್ಷೆಗಳು. ಫಿಯೋನಾ ಎಂಬ ನರ್ಸು ಬಾಟಲಿ ತಳದಂಥ ದಪ್ಪ ಕನ್ನಡಕ ಹಾಕಿದಳು. ಕನ್ನಡಿಯಲ್ಲಿ ನೋಡಿದರೆ ನನ್ನ ಕಣ್ಣು ಎಮ್ಮೆಯ ಕಣ್ಣಾಗಿತ್ತು. ಕಿವಿಯಲ್ಲಿ ತಣ್ಣೀರು ಬಿಟ್ಟಳು, ಬಿಸಿನೀರು ಬಿಟ್ಟಳು, ಅಲ್ಲಿಯೂ ಕೂಡಿಸದೆ ಬೇರೆ ಬೇರೆ. ಕಣ್ಣು ಕಟ್ಟಿ, ಇದ್ದಲ್ಲೇ ಹೆಜ್ಜೆ ಹಾಕು ಅಂದರು. ನಾನು ಇದ್ದಲ್ಲೇ ಹಾಕಿದೆನೆಂದು ತಿಳಿದಿದ್ದೆ. ಕಟ್ಟು ಬಿಚ್ಚಿದಾಗ ಪಕ್ಕದ ಕೋಣೆಯಲ್ಲಿ, ಪ್ಲಾಸ್ಟರ್ ಹಾಕಿಸಿಕೊಳ್ಳುತ್ತಿದ್ದ ಅಪರಿಚಿತನೊಬ್ಬನ ಮುಂದೆ ನಿಂತಿದ್ದೆ. ಆತನೂ "ಸಾರಿ" ಅಂದ.

ಕೊನೆಗೆ ಯಂತ್ರದ ಕುರ್ಚಿ. ಕಟ್ಟಿ ಕೂರಿಸಿ, ಕತ್ತಲು ಮಾಡಿ, ಗರಗರ ತಿರುಗಿಸುತ್ತಾರೆ. ರೋಗವಿಲ್ಲದವರ ಕಣ್ಣು ಹೇಗೆ ಓಡುತ್ತದೆ ಎಂದು ಹೋಲಿಸಿ ನೋಡಬೇಕಂತೆ. ಅದಕ್ಕೆ ಗಟ್ಟಿಮುಟ್ಟಾದ ಒಬ್ಬರು ಬೇಕಾಗಿದ್ದರು. ನಮ್ಮವರು ಎದೆ ಸೆಟೆಸಿ ಹೋಗಿ ಕೂತರು. ಇಳಿದು ಎರಡು ಹೆಜ್ಜೆ ಇಟ್ಟು, ಪ್ರೊಫೆಸರರ ಬೂಟಿನ ಮೇಲೆ ಬೆಳಗಿನ ಉಪಾಹಾರವನ್ನೆಲ್ಲ ಕಾರಿದರು. ನನ್ನ ಸರದಿ ಬಂದಾಗ ಸೆರಗು ಸರಿಪಡಿಸಿಕೊಂಡು ಕೂತೆ, ತಿರುಗಿದೆ, ಇಳಿದೆ. ಗೋಡೆ ಹಿಡಿದುಕೊಂಡೆ ಅಷ್ಟೇ.

"ನಿನಗ ಏನೂ ಅನಸಲಿಲ್ಲೇನ?" ಬಕೀಟಿನೊಳಗಿಂದ ಇವರ ದನಿ.

"ನನಗ ರೂಢಿ ಐತ್ರಿ" ಅಂದೆ. ಆ ಹೊತ್ತಿನ ಸಮಾಧಾನವನ್ನು ನಾನು ಯಾಕೆ ಮುಚ್ಚಿಡಲಿ? ಬಹಳ ಸಂತೋಷವಾಯಿತು.

ಔಷಧಿಯ ಲೆಕ್ಕಾಚಾರ ಮಾತ್ರ ವಿಚಿತ್ರ. ಕೆಲವು ರೋಗಿಗಳಿಗೆ ಹೊಸ ಔಷಧಿ, ಕೆಲವರಿಗೆ ಮೊದಲಿನಿಂದ ಇರುವ ಹಳೆಯ ಔಷಧಿ; ಎರಡನ್ನೂ ಒಂದೇ ಬಗೆಯ ಬಿಳಿ ಕ್ಯಾಪ್ಸೂಲಿನಲ್ಲಿ ತುಂಬಿರುತ್ತಾರೆ. ಯಾರದು ಯಾವುದು ಎಂದು ತಿನ್ನುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಗೊತ್ತಾದರೆ ಪರೀಕ್ಷೆ ಕೆಡುತ್ತದಂತೆ. ಅಥಣಿಯಲ್ಲಿ ಯಾವ ಡಾಕ್ಟರಾದರೂ "ನಾ ಏನ್ ಕೊಡಾಕತ್ತೀನಿ ನನಗ ಗೊತ್ತಿಲ್ಲ" ಅಂದರೆ ಜನ ಅಂದೇ ದವಾಖಾನೆಗೆ ಕೀಲಿ ಹಾಕಿಸುತ್ತಾರೆ. ಇಲ್ಲಿ ಅದೇ ದೊಡ್ಡ ವಿದ್ಯೆ.

ತಿಂಗಳಿಗೊಂದು ಪುಟ್ಟ ಡಬ್ಬಿ ಕ್ಯಾಪ್ಸೂಲು, ಮೇಲೆ ರೋಗಿಯ ಹೆಸರಿಲ್ಲ, ಬರಿ ನಂಬರು. ತಿಂಗಳ ಕೊನೆಗೆ ಡಬ್ಬಿಯನ್ನು ತಿರುಗಿ ಫಿಯೋನಾಗೆ ಒಪ್ಪಿಸಬೇಕು. ಎಷ್ಟು ತಿಂದಿದ್ದೇವೆ, ಎಷ್ಟು ಉಳಿದಿದೆ ಎಂದು ನೋಡುತ್ತಾರೆ. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಯಾರಾದರೂ ಡಬ್ಬಿಯಲ್ಲಿ ಏನಾದರೂ ಕೊಟ್ಟರೆ, ಆ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವಂತಿಲ್ಲ. ಉಪ್ಪಿನಕಾಯಿಯ ಭರಣಿ ಬಂದರೆ ಬೆಲ್ಲ ಹಾಕಿ ಕಳಿಸಬೇಕು, ಹಿಟ್ಟಿನ ಡಬ್ಬಿ ಬಂದರೆ ಒಂದು ಹಿಡಿ ಶೇಂಗಾ. ಏನೂ ಇಲ್ಲವೇ, ಚಿಟಿಕೆ ಸಕ್ಕರೆ. ಬರಿ ಡಬ್ಬಿ ಕೊಟ್ಟರೆ ಕೊಟ್ಟವರ ಮನೆ ಬರಿದಾಗಲಿ ಎಂದು ಹರಸಿದ ಹಾಗೆ. ಹಾಗಾಗಿ ಮೊದಲ ತಿಂಗಳು ಎಲ್ಲ ಕ್ಯಾಪ್ಸೂಲು ತಿಂದು, ಡಬ್ಬಿ ತೊಳೆದು ಒರೆಸಿ, ನಾಲ್ಕು ಹರಳು ಕಲ್ಲುಸಕ್ಕರೆ ಹಾಕಿ ಕೊಟ್ಟೆ. ಅವಳು ಮುಚ್ಚಳ ತೆಗೆಯದೆ ಥ್ಯಾಂಕ್ಯೂ ಅಂದಳು, ಹೊಸ ಡಬ್ಬಿ ಕೊಟ್ಟಳು. ವ್ಯವಹಾರ ಚೊಕ್ಕವಾಗಿ ಮುಗಿಯಿತೆಂದುಕೊಂಡೆ.

ಕಬ್ಬಿಣದ ಕಾಲುಸೇತುವೆ

ಮನೆಗೂ ಆಸ್ಪತ್ರೆಗೂ ನಡುವೆ ಒಂದು ಹೊಳೆ, ಅದರ ಮೇಲೆ ಕಬ್ಬಿಣದ ಕಾಲುಸೇತುವೆ. ಪಟ್ಟಿಗಳ ಸಂದಿಯಿಂದ ಕೆಳಗೆ ನೀರು ಓಡುವುದು ಕಾಣುತ್ತಿತ್ತು. ನಮ್ಮವರು ದಿನವೂ ಅದರ ಮೇಲೆ ಸೀಟಿ ಹಾಕುತ್ತ ಹೋಗುವರು. ನಾನು ಕಲ್ಲು ಸೇತುವೆಯ ಕಡೆಯಿಂದ, ಚರ್ಚು, ಅಂಗಡಿ, ಗೋರಿಗಳನ್ನೆಲ್ಲ ಸುತ್ತಿಕೊಂಡು ಬರುತ್ತಿದ್ದೆ.

ಎರಡನೇ ತಿಂಗಳಲ್ಲಿ ಒಂದು ಮುಂಜಾನೆ, ಮಾರ್ಗರೆಟ್ ಜೊತೆ ಮಾತಾಡುತ್ತ ಹೊರಟಿದ್ದೆ. ಮಾತೆಂದರೆ ಆಕೆ ಇಂಗ್ಲಿಷಿನಲ್ಲಿ ಮಳೆಯನ್ನು ಬೈಯುವಳು, ನಾನು ಕನ್ನಡದಲ್ಲಿ ಹೌದೌದು ಅನ್ನುವೆ. ಮಳೆಯನ್ನು ಬೈದು ಮುಗಿಸುವ ಹೊತ್ತಿಗೆ ನೋಡಿದರೆ ಆಚೆ ದಡದಲ್ಲಿದ್ದೇವೆ. ನಾನು ಕಾಲುಸೇತುವೆ ದಾಟಿಬಿಟ್ಟಿದ್ದೆ! ತಿರುಗಿ ಹೋದೆ, ಮತ್ತೆ ದಾಟಿದೆ. ನಡುವೆ ನಿಂತು ನೀರನ್ನು ನೋಡಿದೆ. ನೀರು ಓಡುತ್ತಿತ್ತು, ನಾನು ನಿಂತಿದ್ದೆ. ಕಟಕಟೆ ಹಿಡಿದು ಅತ್ತುಬಿಟ್ಟೆ. ಮಾರ್ಗರೆಟ್‌ಗೆ ಏನೂ ಅರ್ಥವಾಗದಿದ್ದರೂ ತನ್ನ ಛತ್ರಿಯನ್ನು ನನ್ನ ತಲೆಯ ಮೇಲೆ ಹಿಡಿದು ನಿಂತಳು.

ಆ ತಿಂಗಳು ತಲೆನೋವು ಬಂದದ್ದೂ ಕಡಿಮೆ, ನೆಲ ಎಳೆಯುವವರು ಹೆಚ್ಚುಕಡಿಮೆ ಊರು ಬಿಟ್ಟೇ ಹೋಗಿದ್ದರು. ಈ ಕ್ಯಾಪ್ಸೂಲು ಯಾವುದೇ ಇರಲಿ, ಇದನ್ನು ಬಿಡಬಾರದು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಊರಿಗೆ ಒಯ್ಯಬೇಕು. ಸಿಗದಿದ್ದರೆ ಬೇಡಬೇಕು.

ತಿಂಗಳ ಕೊನೆ ಬಂತು. ಡಬ್ಬಿ ಖಾಲಿ. ತಂದ ಕಲ್ಲುಸಕ್ಕರೆ ಮುಗಿದಿತ್ತು. ಮಾರ್ಗರೆಟ್ ಮನೆಯ ಸಕ್ಕರೆ ಪಗಡೆಯ ದಾಳದಂತೆ ಚೌಕ ಚೌಕ. ಡಬ್ಬಿಯ ಬಾಯಲ್ಲಿ ಹೋಗಲಿಲ್ಲ. ಇಷ್ಟು ಗುಣ ಕೊಟ್ಟ ಡಬ್ಬಿಗೆ ಸಕ್ಕರೆಗಿಂತ ದೊಡ್ಡದೇ ಸಲ್ಲಬೇಕೆನಿಸಿ, ಮಲ್ಲಯ್ಯನ ಭಂಡಾರ ಒಂದು ಚಿಟಿಕೆ ಹಾಕಿ, ಕೈ ಮುಗಿದು ಕೊಟ್ಟು ಬಂದೆ.

ಔಷಧಿ ಕೆಟ್ಟಿತು

ಎರಡು ದಿನಕ್ಕೆ ನಮ್ಮವರು ಮುಖ ಇಳಿಸಿಕೊಂಡು ಮನೆಗೆ ಬಂದರು. ಕೋಟು ತೆಗೆಯದೆ ಮಂಚದ ಮೇಲೆ ಕೂತರು.

"ಎಲ್ಲಾ ಮುಗೀತು ಸುಶೀಲಾ. ಔಷಧ ಕೆಟ್ಟೈತಂತ."

"ಅಂದ್ರ?"

"ಡಬ್ಬಿ ಒಳಗ ತಾನ ಹರಳ ಆಗತೈತಿ, ಆಮ್ಯಾಲ ಹಳದಿ ಪುಡಿ ಆಗತೈತಿ. ಕಂಪನಿ ಮಂದಿ ಲಂಡನ್ನಿಂದ ಬಂದಾರ. ಎಲ್ಲಾ ರೋಗಿಗಳ ಡಬ್ಬಿ ತಿರಗಿ ತರಸಾಕತ್ತಾರ. ನಿಂದೂ ಕೊಡು. ಇವತ್ತಿಂದ ಬಂದ್."

"ಹಳದಿ ಪುಡಿ ಎಷ್ಟಿತ್ರೀ?"

"ಒಂದ್ ಚಿಟಿಕಿ ಇರಬೇಕ. ಯಾಕ?"

ಹೇಳಿದರೆ ನನ್ನನ್ನು ಹೊರಗೆ ಹಾಕುತ್ತಾರೆ, ಕ್ಯಾಪ್ಸೂಲು ಹೋಯಿತು. ಹೇಳದಿದ್ದರೆ ಎಲ್ಲರದೂ ಹೋಗುತ್ತದೆ. ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಜೊತೆ ಸರದಿ ಕಾಯುತ್ತಿದ್ದ ಹೆಂಗಸರ ಮುಖಗಳು ಕಣ್ಣ ಮುಂದೆ ಬಂದವು. ಗೋಡೆ ಹಿಡಿದು ಬರುತ್ತಿದ್ದವರು ಈಗೀಗ ಕೈ ಬೀಸಿ ಬರುತ್ತಿದ್ದರು. ಅವರ ಮನೆಯಲ್ಲೂ ಒಬ್ಬ ಅತ್ತೆ ಇರಬಾರದೆಂದೇನಿಲ್ಲ. ಚಪ್ಪಲಿ ಮೆಟ್ಟಿದೆ.

"ನಡೀರಿ. ಆ ಪುಡಿ ನಂದು" ಅಂದೆ.

ಪ್ರೊಫೆಸರರ ಕೋಣೆಯಲ್ಲಿ ಕರಿ ಸೂಟಿನ ಮೂವರು ಕೂತಿದ್ದರು. ಮೇಜಿನ ನಡುವೆ ಪಾರದರ್ಶಕ ಚೀಲ, ಅದರೊಳಗೆ ನನ್ನ ಡಬ್ಬಿ. ಒಬ್ಬ ಕೈಗವಸು ಹಾಕಿಕೊಂಡು ಅದನ್ನು ಚಿಮಟಿಗೆಯಿಂದ ಹೊರಳಿಸಿ ನೋಡುತ್ತಿದ್ದ. ಮಲ್ಲಯ್ಯನನ್ನು ಚಿಮಟಿಗೆಯಿಂದ ಮುಟ್ಟುವುದನ್ನು ನನಗೆ ನೋಡಲಾಗಲಿಲ್ಲ. ಚೀಲ ಎತ್ತಿಕೊಂಡು ಹರಿದೆ. ಮೂವರೂ ಎದ್ದು ಹಿಂದೆ ಸರಿದರು. ಮುಚ್ಚಳ ತೆಗೆದು, "ಯೇಳಕೋಟ" ಎಂದು ಮಲ್ಲಯ್ಯನ ಜೈಕಾರ ಕೂಗಿ ನನ್ನ ಹಣೆಗೆ ಹಚ್ಚಿಕೊಂಡೆ, ಒಂದಿಷ್ಟು ಬಾಯಿಗೆ ಹಾಕಿಕೊಂಡೆ. ಕೈಗವಸಿನವನು ಕಿರುಚಿದ. ಪ್ರೊಫೆಸರರು ಏನಾಯಿತೆಂದು ಬಗ್ಗಿದ್ದರು. ಬಗ್ಗಿದವರ ಹಣೆ ಬಿಡುವ ರೂಢಿ ನಮ್ಮಲ್ಲಿಲ್ಲ, ಅವರಿಗೂ ಹಚ್ಚಿದೆ. ನಮ್ಮವರು ತಾವಾಗಿಯೇ ಹಣೆ ಒಡ್ಡಿದರು. ಹೆದರಿದಾಗ ಮನುಷ್ಯನಿಗೆ ಹಳೆಯ ರೂಢಿಯೇ ಬರುತ್ತದೆ.

"ಹಂಗಾದ್ರ ಆ ಹರಳು ಏನಂತ ಕೇಳಾಕತ್ತಾರ" ಎಂದು ಇವರು ತರ್ಜುಮೆ ಮಾಡಿದರು.

"ಕಲ್ಲಸಕ್ರಿ ಅಂತ ಹೇಳ್ರಿ."

"ಯಾಕ ಹಾಕಿದಿ ಅಂತಾರ."

"ಬರೇ ಡಬ್ಬಿ ಹೆಂಗ ಕೊಡೂದ್ರಿ? ಅವರ ಮನಿ ಬರಿದಾಗಬೇಕನು?"

ಇದನ್ನು ಇಂಗ್ಲಿಷಿಗೆ ತರಲು ನಮ್ಮವರು ಬಹಳ ಹೊತ್ತು ಒದ್ದಾಡಿದರು. ಸೂಟಿನವರ ಮುಖ ಹಾಗೇ ಇತ್ತು. ಮೂಲೆಯಲ್ಲಿ ನಿಂತಿದ್ದ ಫಿಯೋನಾಗೆ ಮಾತ್ರ ಥಟ್ಟನೆ ಹೊಳೆಯಿತು. ತನ್ನ ಅಜ್ಜಿಯೂ ಹಣದ ಚೀಲವನ್ನು ಉಡುಗೊರೆ ಕೊಡುವಾಗ ಒಳಗೊಂದು ನಾಣ್ಯ ಹಾಕದೆ ಕೊಡುತ್ತಿರಲಿಲ್ಲ ಎಂದಳು. ಪ್ರೊಫೆಸರರು ಹಣೆಯ ಅರಿಸಿನ ಒರೆಸದೆ ನಗತೊಡಗಿದರು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಅವರ ಔಷಧಿ ಉಳಿದಿತ್ತು.

ನಾನು ಉಳಿಯಲಿಲ್ಲ. ನಿಯಮದ ಪ್ರಕಾರ ನನ್ನ ಹೆಸರು ಪರೀಕ್ಷೆಯಿಂದ ಹೊರಗೆ. ನಾನು ಕೈ ಜೋಡಿಸಿ, "ಹೊರಗ ಹಾಕ್ರಿ, ಚಿಂತಿಲ್ಲ. ನಾ ತಿಂದಿದ್ದು ಯಾವ ಔಷಧ, ಅದಷ್ಟು ಹೇಳ್ರಿ" ಎಂದು ಬೇಡಿದೆ. ಹೊರಗೆ ಬಿದ್ದವಳ ಗುಟ್ಟು ಕಾಯುವುದರಿಂದ ಯಾರಿಗೂ ಲಾಭವಿಲ್ಲವೆಂದು ಸೂಟಿನವರೂ ಒಪ್ಪಿದರು. ಪ್ರೊಫೆಸರರು ಎಲ್ಲಿಗೋ ಫೋನು ಮಾಡಿ ಕೇಳಿಸಿಕೊಂಡರು. ನನ್ನದು ಹೊಸ ಔಷಧಿ ಅಲ್ಲವಂತೆ. ಹಳೆಯದಂತೆ. ಪ್ರೊಪ್ರನಲಾಲ್ ಅಂದರು.

ನಮ್ಮವರು ಪಕ್ಕದ ಕುರ್ಚಿಯ ಮೇಲೆ ಕುಸಿದರು. ಅದು ತಿರುಗುವ ಕುರ್ಚಿಯಲ್ಲ, ಆದರೂ ಅವರ ಮುಖ ಅಂದಿನಂತೆಯೇ ಬಿಳಿಚಿಕೊಂಡಿತು.

"ಯಾಕ್ರೀ? ಊರಾಗ ಸಿಗೂದಿಲ್ಲೇನು?"

"ಸಿಗತೈತಿ. ಅಥಣಿಯೊಳಗ ಎಲ್ಲಾ ಅಂಗಡ್ಯಾಗ ಸಿಗತೈತಿ." ತಡೆದು ತಡೆದು ಮುಂದಿನದನ್ನು ಹೇಳಿದರು. "ಅವ್ವ ಬಿ.ಪಿ.ಗೆ ತಗೋತಾಳಲ್ಲ, ಅದ."

ಅತ್ತೆಯವರಿಗೆ ಆ ಗುಳಿಗೆ ದಿನವೂ ಕೊಡುವವಳು ನಾನೇ. ಗುಳಿಗೆ ಬಿಡಿಸಿ, ನೀರಿನ ಗ್ಲಾಸು ಹಿಡಿದು, ತಲೆ ತಿರುಗಿದ ದಿನ ಒಂದು ಕೈಯಿಂದ ಗೋಡೆ ಹಿಡಿದುಕೊಂಡು, ಇನ್ನೊಂದು ಕೈಯಿಂದ ನನ್ನ ಔಷಧಿಯನ್ನು ಅತ್ತೆಯವರ ಬಾಯಿಗೆ ಹಾಕಿದ್ದೇನೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ನಡುಮನೆಯ ಗೋಡೆಯ ಮಾಡದಲ್ಲಿದ್ದ ಮದ್ದೂ ಮದ್ದಾಗಲಿಲ್ಲ. ನನಗೆ ಮೊದಲು ಸಿಟ್ಟು ಬಂತು, ಆ ಸಿಟ್ಟಿನ ನಡುವೆಯೇ ನಗು ಬಂತು, ನಿಲ್ಲಿಸಲಾಗಲಿಲ್ಲ. ನಮ್ಮವರು ಅಷ್ಟು ಸಣ್ಣಗಾಗಿ ಕೂತದ್ದನ್ನು ಮೊದಲ ಸಲ ನೋಡುತ್ತಿದ್ದೆ. ಅದನ್ನು ಪೂರ್ತಿ ನೋಡಿಬಿಡುವ ಆಸೆಯಾಯಿತು.

ಉಳಿದ ತಿಂಗಳು ಅವರು ಹೊಸ ಔಷಧಿಯ ಬಗ್ಗೆ ಕಲಿತರು. ನಾನು ಪ್ರೊಫೆಸರರ ಚೀಟಿ ತೋರಿಸಿ ಹಳೆಯದನ್ನು ಅಲ್ಲಿಯ ಅಂಗಡಿಯಿಂದಲೇ ತೆಗೆದುಕೊಂಡು ಕಾಲುಸೇತುವೆಯ ಮೇಲೆ ಓಡಾಡಿದೆ.

ಅಥಣಿ

ಬಂದ ಮರುದಿನ ಮುಂಜಾನೆ ಅತ್ತೆಯವರ ಹೊರಸಿನ ಬಳಿ ಹೋದೆ. ಒಂದು ಗುಳಿಗೆ ಅವರ ಅಂಗೈಗೆ ಹಾಕಿದೆ. ಅದೇ ಪಟ್ಟಿಯಿಂದ ಇನ್ನೊಂದು ಬಿಡಿಸಿ ನನ್ನ ಬಾಯಿಗೆ ಹಾಕಿಕೊಂಡೆ. ಅವರು ಗ್ಲಾಸು ಅರ್ಧಕ್ಕೇ ನಿಲ್ಲಿಸಿದರು.

"ನಿನಗ್ಯಾಕ ಬೇ ಅದು?"

"ತಲಿ ತಿರಗೂದಕ್ರೀ."

"ಅದಕ್ಕ ಗುಳಿಗಿ ಐತಿ?"

"ಐತ್ರೀ."

"ನನ್ನ ಮಗಾ ಹೇಳಿದ್ನೇನ?"

"ಹೂನ್ರೀ. ಅಲ್ಲಿ ದೊಡ್ಡ ಡಾಕ್ಟರೂ ಹೇಳ್ಯಾರ."

ಅತ್ತೆ ಗುಳಿಗೆಯ ಪಟ್ಟಿಯನ್ನು ಕಣ್ಣಿನ ಹತ್ತಿರ ಹಿಡಿದು ಹಿಂದೆ ಮುಂದೆ ಹೊರಳಿಸಿದರು. ನನ್ನ ಮುಖ ನೋಡಿದರು. ಮತ್ತೆ ಪಟ್ಟಿ ನೋಡಿದರು.

"ಗುಳಿಗಿ ಐತಿ ಅಂದ್ಮ್ಯಾಲ" ಅಂದರು, "ಬ್ಯಾನಿ ಇದ್ದದ್ದು ಖರೇನ ಅನ್ನು."

ಉಳಿದ ಅರ್ಧ ಗ್ಲಾಸು ನೀರನ್ನು ನನ್ನ ಕಡೆ ಚಾಚಿ, ಹೊರಸಿನ ಮೇಲೆ ನನಗೂ ಜಾಗವಾಗುವಂತೆ ಸ್ವಲ್ಪ ಆಚೆ ಸರಿದು ಕೂತರು.